ಸಾರ್ಕಿನ್: ನೋಡಿ, ಲಾರ್ಕಿನ್

ನೆಬ್ರಾಸ್ಕಾದ ಈ ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ
ಮೈಕ್ರೋಫಿಲ್ಮಿನ ಹಿಡಿಕೆ ಎಣ್ಣೆ ಕಂಡು ಎಷ್ಟು ವರ್ಷವೋ.
ತಿರುಗಿಸಿದರೆ ಕೀಚ್ ಎನ್ನುತ್ತದೆ,
ಕೀಚಿಗೊಂದರಂತೆ ಊರು ಹಾದುಹೋಗುತ್ತದೆ.

ಮಂಗಳವಾರ ಊಟದ ಹೊತ್ತು ಮೀರಿ ಸಾರ್ಕಿನ್ ಸಿಕ್ಕಿತು.
ಯಾವ ನಕ್ಷೆಯಲ್ಲೂ ಇಲ್ಲ,
ಅಂಚೆ ಇಲಾಖೆಯ ಲೆಡ್ಜರಿನಲ್ಲಿ ಮಾತ್ರ ಒಂದೂವರೆ ಸಾಲು:
ತೆರೆದದ್ದು ೧೮೯೪, ಮುಚ್ಚಿದ್ದು ೧೯೦೯,
ಪೋಸ್ಟ್‌ಮಾಸ್ತರು ಹೆಪ್ಸಿಬಾ ಸ್ಟ್ರೈಕರ್ ಎಂಬ ಹೆಂಗಸು,
ವರ್ಷದ ಸಂಬಳ ಹನ್ನೊಂದು ಡಾಲರು ಅರವತ್ತೆರಡು ಸೆಂಟು.

ಕಚೇರಿ ಅಂದರೆ ಅವಳ ಅಡಿಗೆಮನೆ.
ವಾಷಿಂಗ್ಟನ್ನಿನ ಅಚ್ಚಿನ ಫಾರಮು ಕೇಳುತ್ತದೆ:
ಹತ್ತಿರದ ಹೊಳೆ ಯಾವುದು? ನಿಮ್ಮ ಕಚೇರಿ ಅದರ ಯಾವ ದಡದಲ್ಲಿದೆ?
ಅವಳು ಬರೆಯುತ್ತಾಳೆ:
ಮಾರ್ಚಿಯಲ್ಲಿ ಎಡದಡ.
ಜುಲೈಯಲ್ಲಿ ಹೊಳೆಯೇ ಇರುವುದಿಲ್ಲ, ದಡ ಎಲ್ಲಿಂದ ತರಲಿ?
ಜನ ಎಷ್ಟು?
ಕಾಗದ ಕೇಳಿಕೊಂಡು ಬರುವವು ಇಪ್ಪತ್ತಮೂರು ಮನೆ.
ಕಾಗದ ಬಾರದವರನ್ನು ಎಣಿಸಿಲ್ಲ.
ಎಣಿಸಬೇಕೆ?

ಉತ್ತರ ಬಂದಂತಿಲ್ಲ.
ಬಂದದ್ದು ಮುದ್ರೆ, ಮರದ ಹಿಡಿಯ ಕಬ್ಬಿಣದ ಮುದ್ರೆ.
ಮರುತಿಂಗಳು ಅವಳದ್ದೇ ಕಾಗದ:
ಮಾನ್ಯರೆ, ನಮ್ಮೂರು ಲಾರ್ಕಿನ್,
ಇಲ್ಲಿ ಮೊದಲ ಬಾವಿ ತೋಡಿದವನ ಹೆಸರು.
ನಿಮ್ಮ ಮುದ್ರೆ ಸಾರ್ಕಿನ್ ಅನ್ನುತ್ತಿದೆ.
ಹೊಸದಕ್ಕೆ ಒಂದು ಡಾಲರು ನಲವತ್ತು ಕೇಳುತ್ತೀರಿ.
ಹೋಗಲಿ ಬಿಡಿ,
ಊರನ್ನೇ ತಿದ್ದಿಕೊಳ್ಳುತ್ತೇವೆ.

ಕೂಡಿಸಿ ಬರೆವ ಇಂಗ್ಲಿಷಿನಲ್ಲಿ ಎಲ್ಲು ಎಸ್ಸು ಅಕ್ಕತಂಗಿಯರು.
ನಮ್ಮ ಶಾಲೆಯಲ್ಲಿ ಮೇಷ್ಟರು ಕೂಗುತ್ತಿರಲಿಲ್ಲವೆ,
ಹೊಟ್ಟೆ ಸೀಳೋ, ಸೀಳದಿದ್ದರೆ ಷ ಅಲ್ಲ, ಪ ಅದು!
ಯಾವನೋ ಗುಮಾಸ್ತ, ದೀಪ ಹಚ್ಚುವ ಹೊತ್ತು,
ಎಲ್ಲಿನ ಬಳುಕನ್ನು ಎಸ್ಸಿನದೆಂದು ತಿಳಿದ.
ಹದಿನೈದು ವರ್ಷ ಒಂದು ಊರು
ಕಾಗುಣಿತದ ತಪ್ಪೊಳಗೆ ಸಂಸಾರ ಮಾಡಿತು.
ಅಲ್ಲಿಂದಲೇ ಬಿತ್ತನೆ ಬೀಜಕ್ಕೆ ಆರ್ಡರು ಹೋಯಿತು,
ಬೊಹೀಮಿಯಾದ ತಾಯಂದಿರಿಗೆ ಮೂರು ಮೂರು ಡಾಲರು.

ಶನಿವಾರ ಕಾರು ತೆಗೆದುಕೊಂಡು ಹೋದೆ.
ಹುಲ್ಲು, ತಂತಿಬೇಲಿ, ರೆಕ್ಕೆ ಮುರಿದ ಒಂದು ಗಾಳಿಯಂತ್ರ.
ಬೇಲಿಯಾಚೆ ಆರು ಸಮಾಧಿ. ಕಲ್ಲುಕುಟಿಗನಿಗೆ
ಮುದ್ರೆಯ ಹಂಗಿಲ್ಲ ನೋಡಿ, ಕೆತ್ತಿಬಿಟ್ಟಿದ್ದಾನೆ: ಲಾರ್ಕಿನ್.
ಬದುಕಿದ್ದಷ್ಟು ದಿನ ಸಾರ್ಕಿನ್ನಿನಲ್ಲಿದ್ದವರು
ಸತ್ತ ಮೇಲೆ ಲಾರ್ಕಿನ್ನಿಗೆ ಬಂದಿದ್ದರು.

ದನಗಳ ಒಡೆಯ ಡ್ವೇನ್ ಕ್ರಾಟ್ಕಿ ಅಂದ:
ಊರಾ? ಇಲ್ಲಿ ಊರಿರಲಿಲ್ಲ.
ಶೆಡ್ಡಿನಲ್ಲಿ ಏನೋ ಹಳೇ ಕಪಾಟಿದೆ, ನೋಡು ಬೇಕಾದರೆ.
ಗೂಡುಗೂಡಿನ ಕಪಾಟು. ಗೂಡಿನ ಮೇಲೆ ಕಂದಿದ ಚೀಟಿ,
ಚೀಟಿಯಲ್ಲಿ ಮನೆತನ:
ಹ್ರುಬಿ, ಟಟಲ್, ಓಸ್ಟರ್‌ಗಾರ್ಡ್...
ಒಳಗೆ ಅಳತೆವಾರು ಮೊಳೆ, ನಟ್ಟು, ಬೋಲ್ಟು.
ಎಣಿಸಿದೆ. ಇಪ್ಪತ್ತನಾಲ್ಕು.
ಕೊನೆಯದಕ್ಕೆ ಚೀಟಿಯಿಲ್ಲ, ಅದೇ ತುಂಬಿ ತುಳುಕುತ್ತಿತ್ತು.
ಅದರಲ್ಲೇನು ಅಂದೆ.
ಯಾವುದಕ್ಕೂ ಹೊಂದದವು, ಅಂದ ಡ್ವೇನ್,
ಎಸೆಯೋಕೆ ಮನಸ್ಸು ಬರೋದಿಲ್ಲ.

ಸೋಮವಾರ ಎರಡು ಕಾರ್ಡು ಬರೆದೆ.
ಸಾರ್ಕಿನ್: ನೋಡಿ, ಲಾರ್ಕಿನ್.
ಲಾರ್ಕಿನ್: ನೋಡಿ, ಸಾರ್ಕಿನ್.
ಮೇಲಿನವರು ನಕ್ಕರು, ಹೀಗಾದರೆ ಹುಡುಕುವವರು ಸುತ್ತುತ್ತಲೇ ಇರಬೇಕು ಅಂದರು.
ಇರಲಿ, ಸುತ್ತಲಿ.
ಅವಳ ಆ ಪ್ರಶ್ನೆಗೆ ಕಾರ್ಡಿನಲ್ಲಿ ಕಾಲಮಿಲ್ಲ.
ಬೆನ್ನಿಗೆ ತಿರುಗಿಸಿ ಪೆನ್ಸಿಲಿನಲ್ಲಿ ಬರೆದೆ:
ಹೌದಮ್ಮ, ಎಣಿಸಬೇಕಿತ್ತು.
ಕನ್ನಡದಲ್ಲೇ ಬರೆದೆ, ಅವಸರದ ಕೈಬರಹ.
ಮುಂದೆಂದೋ ಯಾರೋ ತಪ್ಪಾಗಿ ಓದಿಕೊಂಡು
ಅಲ್ಲೊಂದು ಊರು ಹುಟ್ಟಿದರೂ ಹುಟ್ಟೀತು.