ಹದಿನೇಳು ಹುಣಸೆಬೀಜ

ಚೌಕಿಪೇಟೆಯ ಬಟ್ಟೆ ಅಂಗಡಿ, ಶಟರ್ ಅರ್ಧ ಇಳಿದಿದೆ.
ಬಿಲ್ ಪುಸ್ತಕದ ಮೇಲೆ ಹನ್ನೊಂದು ಹೆಸರು ಬರೆದು
ಕೂತಿದ್ದೇನೆ.
ಮೂವರನ್ನು ಉಳಿಸಿಕೊಳ್ಳಬಹುದು.
ಮಿಕ್ಕ ಎಂಟು ಮಂದಿ ನಾಳೆ ರಾತ್ರಿ
ಮತ್ತೆ ಹರಾಜಿನ ಬುಟ್ಟಿಗೆ.

ಟೀವಿಯಲ್ಲಿ ಬರುವವರಲ್ಲ ಇವರು.
ಹೈಸ್ಕೂಲ್ ಮೈದಾನದಲ್ಲಿ ಭಾನುವಾರ
ಟೆನಿಸ್ ಬಾಲಿನಲ್ಲಿ ಆಡುವವರು.
ಅವರು ಆಡುತ್ತಾರೆ,
ನಾವು ಆರು ಜನ ಅವರನ್ನು ಕಾಗದದ ಮೇಲೆ ಆಡಿಸುತ್ತೇವೆ:
ರನ್ನಿಗೆ ಒಂದಂಕ, ವಿಕೆಟ್ಟಿಗೆ ಇಪ್ಪತ್ತು,
ಕೈಗೆ ಬಂದ ಕ್ಯಾಚ್ ಬಿಟ್ಟರೆ ಐದು ಕಳೆ.
ದುಡ್ಡಿಲ್ಲ. ದುಡ್ಡಿನ ಹಿಂದೆ ಜಗಳ ಬರುತ್ತದೆಂದು
ತಲೆಗೆ ನೂರು ಹುಣಸೆಬೀಜ.
ಕೊನೆಗೆ ಸೋತವರದು ಎಲ್ಲರಿಗೂ ಮಂಡಕ್ಕಿ-ಮಿರ್ಚಿ.
ಎರಡು ಸಲ ನಾನೇ ಕೊಡಿಸಿದ್ದೇನೆ.

ಸ್ಪೇರ್‌ಪಾರ್ಟ್ಸ್ ಅಂಗಡಿಯ ದಾದಾಪೀರ್ ಮಾಡಿದ ನಿಯಮ:
ಉಳಿಸಿಕೊಂಡವನ ಬೆಲೆ ವರ್ಷಕ್ಕೆ ಐದು ಬೀಜ ಏರಬೇಕು.
‘ಪ್ರೀತಿಗೂ ಬಡ್ಡಿ ಐತೆ ಅಕ್ಕಾ.’

ಕೊಟ್ರೇಶ, ಎಡಗೈ, ಬಾಡಾ ಕ್ರಾಸಿನ ಹುಡುಗ.
ನಾಲ್ಕಕ್ಕೆ ಬಂದವನು, ಒಂಬತ್ತಕ್ಕೆ ಉಳಿಯುತ್ತಾನೆ.
ಹೋದ ವರ್ಷ ಅವನೊಡೆದ ಹೆಂಚಿಗೆ
ಶಾಲೆಯವರು ಇನ್ನೂ ಬಿಲ್ ಕಳಿಸುತ್ತಿದ್ದಾರೆ.
ಇವನ ಬಗ್ಗೆ ಯೋಚನೆಯೇ ಬೇಡ.

ಓಬಳೇಶ ವಿಕೆಟ್ ಹಿಂದೆ ಬೆಕ್ಕು. ಆದರೆ ಬಸ್ ಕಂಡಕ್ಟರ್.
ಭಾನುವಾರ ಹರಿಹರದ ರೂಟು ಬಿದ್ದರೆ
ಅವನು ಟಿಕೆಟ್ ಹರಿಯುತ್ತಾನೆ, ನನಗೆ ಸೊನ್ನೆ.
ಡಿಪೋದಲ್ಲಿ ಯಾರನ್ನಾದರೂ ಕೇಳಬೇಕು.
ಕೇಳುತ್ತೇನೆ. ಇರಲಿ ಅವನು.

ಫಯಾಜ್‌ಗೆ ಮಾರ್ಚಿಯಲ್ಲಿ ನಿಕಾಹ್.
ಶೇರ್ವಾನಿ ಬಟ್ಟೆ ಹರಿದುಕೊಟ್ಟವಳು ನಾನೇ.
ಮೂರು ಭಾನುವಾರ ಹೋಯಿತು ಅಂತ
ಆರು ಜನರಲ್ಲಿ ನನಗೊಬ್ಬಳಿಗೇ ಗೊತ್ತು.
ಸುಮ್ಮನೆ ಬುಟ್ಟಿಗೆ ಬಿಡುತ್ತೇನೆ,
ದಾದಾಪೀರ್ ಮೂವತ್ತು ಬೀಜ ಸುರಿಯಲಿ.

ಆಮೇಲೆ ಬಕ್ಕೇಶ.

ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳು ತಿರುವಿ ತಿರುವಿ
ಮಣಿಕಟ್ಟಿಗೆ ಒಲಿದು ಬಂದ ಒಂದು ತಿರುವು.
ಚೆಂಡು ಬಿದ್ದಲ್ಲಿ ಒಂದು ಕ್ಷಣ ನಿಂತು
ದಾರಿ ಕೇಳಿಕೊಂಡು ಹೋದ ಹಾಗೆ ಹೋಗುತ್ತಿತ್ತು.
ಮೊದಲ ವರ್ಷ ಯಾರೂ ಕೈ ಎತ್ತಲಿಲ್ಲ.
ಎರಡು ಬೀಜ ಅಂದೆ, ನಕ್ಕರು.
ಎರಡು, ಏಳು, ಹನ್ನೆರಡು.
ಈ ಸಲ ಹದಿನೇಳು.

ಮೊನ್ನೆ ಮಗಳ ಲಂಗಕ್ಕೆ ಬಟ್ಟೆ ಕೊಳ್ಳಲು ಬಂದಿದ್ದ.
ನೋಟು ಚಾಚಿದ್ದು ಎಡಗೈ.
‘ಬೇಜಾರಾಗಬ್ಯಾಡ್ರಿ, ಬಲಗೈ ಮೇಲೇಳಂಗಿಲ್ಲ.’
ಚಿಲ್ಲರೆ ಎಣಿಸುವಾಗ ಮೆಲ್ಲಗೆ ಹೇಳಿದ:
‘ನಿಮ್ಮ ಚೀಟಿ ಆಟ ನನಗೂ ಗೊತ್ತೈತ್ರಿ.
ಈ ವರ್ಷ ನನ್ನ ಬಿಟ್ಬಿಡ್ರಿ.
ನನ್ನ ನಂಬಿ ನೀವ್ಯಾಕೆ ಮಿರ್ಚಿ ಕೊಡಿಸ್ತೀರಿ?’

ಬಿಟ್ಟವನಿಗೆ ಬಿಟ್ಟದ್ದು ಗೊತ್ತಾಗುವುದಿಲ್ಲ,
ಅದೇ ಈ ಆಟದ ಸುಖವಾಗಿತ್ತು.
ಮೂರು ವರ್ಷ ಅವನ ಓವರು ಎಣಿಸಿದೆ,
ವಿಕೆಟ್ ಎಣಿಸಿದೆ, ಕೊಟ್ಟ ವೈಡುಗಳನ್ನೂ ಎಣಿಸಿದೆ.
ಭುಜ ನನ್ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಹದಿನೇಳಕ್ಕೆ ಇಬ್ಬರು ಹೊಸ ಹುಡುಗರು ಬರುತ್ತಾರೆ.
ನಿಟ್ಟುವಳ್ಳಿಯಲ್ಲಿ ಒಬ್ಬ ಇದ್ದಾನಂತೆ, ವೇಗವೆಂದರೆ ವೇಗ.
ಗೀಟು ಹೊಡೆದೆ.
ಹಾಳೆಯಡಿ ಕಾರ್ಬನ್ ಇದ್ದದ್ದು ಮರೆತಿದ್ದೆ.
ಅಡಿಯಲ್ಲೂ ಬಕ್ಕೇಶ, ಅವನ ಮೇಲೆ ನೀಲಿ ಗೀಟು.
ಮೇಲಿನದನ್ನು ಹರಿದರೆ ಕೆಳಗಿನದು ಉಳಿಯುತ್ತದೆ.

ಫೋನಿನಲ್ಲಿ ದಾದಾಪೀರ್: ‘ಅಕ್ಕಾ, ಚೀಟಿ?’
‘ಬೆಳಿಗ್ಗೆ ಕೊಡ್ತೀನಿ ತಡಿಯೋ.’

ಕಟ್‌ಪೀಸಿನ ತುಂಡೊಂದರಲ್ಲಿ
ಹದಿನೇಳು ಬೀಜ ಎಣಿಸಿ ಗಂಟು ಕಟ್ಟಿ
ಮೀಟರ್ ಕೋಲಿನ ಪಕ್ಕ ಇಟ್ಟಿದ್ದೇನೆ.
ಯಾರ ಹೆಸರಿಗೆ ಅಂತ
ಇನ್ನೂ ಬರೆದಿಲ್ಲ.