ಮಾತು ಕೇಳುವ ಮನೆ

ಈ ಮನೆಗೆ ತಂತಿ ಎಳೆದವಳು ನಾನೇ.
ಟ್ರೊಮ್ಸೊದ ಈ ಗುಡ್ಡದ ಮೇಲೆ
ಹನ್ನೊಂದು ಮನೆಗಳಿಗೆ ಕಣ್ಣು, ಕಿವಿ, ಗಂಟಲು ಕೂರಿಸಿಕೊಟ್ಟೆ.
ಹನ್ನೆರಡನೆಯದು ನನ್ನದು.

ನವೆಂಬರ್ ಕೊನೆಗೆ ಮುಳುಗಿದ ಸೂರ್ಯ
ಜನವರಿ ಅರ್ಧ ಕಳೆಯುವವರೆಗೆ ಈ ಕಡೆ ತಲೆ ಹಾಕುವುದಿಲ್ಲ.
ಆದರೂ ಬೆಳಿಗ್ಗೆ ಆರೂವರೆಗೆ
ನನ್ನ ಗೋಡೆಗಳಲ್ಲಿ ಬೆಳಗಾಗುತ್ತದೆ:
ಮೊದಲು ಕಿತ್ತಳೆ ಸಿಪ್ಪೆಯ ಬಣ್ಣ, ಆಮೇಲೆ ಹಾಲು.
ಬಚ್ಚಲ ನೆಲ ಬೆಚ್ಚಗಾಗುತ್ತದೆ,
ಮೆಟ್ಟಿಲ ಮೇಲಿನ ಹಿಮ ತಾನಾಗಿ ಕರಗುತ್ತದೆ,
ಬಾಗಿಲು ನನ್ನ ಹೆಬ್ಬೆರಳನ್ನು ಬಲ್ಲದು.
'ಮಾತು ಕೇಳುವ ಮನೆ' ಅಂತಲೇ
ಗಿರಾಕಿಗಳಿಗೆ ಹೇಳಿ ಹೇಳಿ ಮಾರಿದ್ದೇನೆ.
ಕೇಳುವುದಕ್ಕೆ ಎರಡು ಅರ್ಥ ಅಲ್ಲವೇ ಎಂದು
ಒಬ್ಬರೂ ಕೇಳಲಿಲ್ಲ.

ಮಗಳು ಸುನ್ನಿವ. ಹನ್ನೆರಡು ತುಂಬಿ ಐದು ತಿಂಗಳು.
ಹಲ್ಲಿಗೆ ತಂತಿ ಕಟ್ಟಿಸಿದೆ, ಮೀನು ಕಂಡರೆ ಮೂಗು ಮುರಿಯುತ್ತಾಳೆ.
ಹುಟ್ಟಿದ ವರ್ಷ ಯಾವುದೆಂದು ಫೋನು ವಿಚಾರಿಸಿದಾಗ
ಆರು ವರ್ಷ ಹಿಂದಕ್ಕೆ ಉರುಳಿಸಿದಳು;
ಅದು ಮರುಮಾತಿಲ್ಲದೆ ಒಳಗೆ ಬಿಟ್ಟುಕೊಂಡಿತು.
ನನ್ನ ಬಾಗಿಲಿಗೆ ಬೆರಳಚ್ಚು ಬೇಕು,
ಆ ಬಾಗಿಲಿಗೆ ಒಂದು ಸುಳ್ಳು ಸಾಕು.
ಒಂಬತ್ತಕ್ಕೆ ಅವಳ ಕೋಣೆಯ ವೈಫೈ ಕಟ್ ಮಾಡಿಟ್ಟಿದ್ದೆ.
ಪಕ್ಕದ ಹೋಲ್ಗೆರ್ ಮನೆಯದು ಹಿಮ ದಾಟಿ ಬರುತ್ತದೆಂದು
ನನಗಿಂತ ಮೊದಲು ಅವಳಿಗೆ ಗೊತ್ತಿತ್ತು.

ಭಾನುವಾರ ರಾತ್ರಿ, ಕರೆಂಟು ಬಿಲ್ಲು ಯಾಕಿಷ್ಟು ಏರಿತೆಂದು
ಮನೆ ಬರೆದಿಟ್ಟ ದಿನಚರಿ ತೆರೆದೆ.

ಮಂಗಳವಾರ, ೨.೪೭. ಮೇಲಿನ ಕೋಣೆ. ದೀಪ, ಹತ್ತರಲ್ಲೊಂದು ಪಾಲು.
೩.೦೫. ಬಚ್ಚಲು. ನೆಲ ಬಿಸಿ. ಒಬ್ಬರು, ಕೂತಿದ್ದಾರೆ.
೪.೪೦. ಒಬ್ಬರು, ಕೂತಿದ್ದಾರೆ.
ಬುಧವಾರವೂ ಅದೇ. ಗುರುವಾರ ಬೇಗ.
ಶುಕ್ರವಾರ, ೩.೧೮. ಅಡುಗೆಮನೆಯ ಸ್ಪೀಕರಿಗೆ ಪಿಸುದನಿಯಲ್ಲಿ:
"ಕಳಿಸಿದ ಫೋಟೋ ವಾಪಸ್ ತರಿಸೋದು ಹೇಗೆ?"
ಮನೆಯ ಉತ್ತರ:
"ಫೋಟೋ ಅಂಗಡಿಗಳು ಹತ್ತಿರದಲ್ಲಿ ಎರಡಿವೆ.
ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತವೆ."
೩.೧೯.
"ಅವನು ಎಲ್ಲರಿಗೂ ತೋರಿಸ್ತೀನಿ ಅಂದ್ರೆ ಏನು ಮಾಡ್ಬೇಕು?"
"ಕ್ಷಮಿಸಿ, ಅರ್ಥವಾಗಲಿಲ್ಲ."
೩.೨೧.
"ಏನಿಲ್ಲ ಬಿಡು."

ಅದರ ಕೆಳಗೆ ನನ್ನದೂ ಒಂದು ಸಾಲು:
ಮಲಗುವ ಕೋಣೆ. ಗಾಢ ನಿದ್ರೆ.
ನೂರಕ್ಕೆ ತೊಂಬತ್ತೊಂದು. ಭೇಷ್.

ಹದಿನಾಲ್ಕು ಹೆಜ್ಜೆ ಅಷ್ಟೇ
ನನ್ನ ದಿಂಬಿನಿಂದ ಆ ಬಚ್ಚಲಿಗೆ.

ಕೆಳಗೆ ಹೋಗಿ ಮೇನ್ ಸ್ವಿಚ್ ಕೆಡವಿದೆ.
ಇಪ್ಪತ್ತು ವರ್ಷದ ಕೆಲಸದಲ್ಲಿ
ಏನೂ ಕೆಡದೆ ಹಾಗೆ ಮಾಡಿದ್ದು ಅದೇ ಮೊದಲು.
ಫ್ರಿಜ್ಜು ಉಸಿರು ಬಿಟ್ಟು ಸುಮ್ಮನಾಯಿತು.
ಗೋಡೆಗಳು ಗೋಡೆಗಳಾದವು.
"ಅಮ್ಮಾ?"
ಮೇಲಿಂದ ಬಂತು,
ಯಾವ ತಂತಿಯ ಹಂಗೂ ಇಲ್ಲದೆ.

ಕತ್ತಲಲ್ಲಿ ಗೋಡೆ ತಡವುತ್ತ ಹತ್ತಿದೆ.
ಅವಳು ಬಚ್ಚಲ ನೆಲದ ಮೇಲೆ, ಮಂಡಿಗೆ ಗಲ್ಲ ಊರಿ.
ಮುಷ್ಟಿಯೊಳಗೆ ಮಾತ್ರ ಒಂದು ಬೆಳಕು ಉಳಿದಿತ್ತು.
ಅದನ್ನು ಆರಿಸುವ ಸ್ವಿಚ್ಚು
ನನ್ನ ಯಾವ ಪೆಟ್ಟಿಗೆಯಲ್ಲೂ ಇಲ್ಲ.

"ನೀನು ಮನೆಯನ್ನ ಕೇಳಿದ್ದು ಓದಿದೆ" ಅಂದೆ.
ಬೈಗುಳಕ್ಕೋ ಏನೋ, ಕಾದಳು.
ಆಮೇಲೆ:
"ಅಂದ್ರೆ ಅದು ನಿಂಗೆ ಹೇಳುತ್ತಾ? ಎಲ್ಲಾ?"
"ಎಲ್ಲಾ. ಹಾಗೆ ಕೂರಿಸಿದ್ದು ನಾನೇ."
"ಅವನೂ ಹಾಗೇ ಅಂದಿದ್ದ," ಅಂದಳು,
"ನಂಗೆ ಎಲ್ಲಾ ಹೇಳು ಅಂತ."

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಸುಮಾರು ಹೊತ್ತಿನ ಮೇಲೆ ತಾನಾಗಿ ಬಾಯಿಬಿಟ್ಟಳು:
ಬೋಡೋದ ಹುಡುಗನಂತೆ, ಹದಿನಾಲ್ಕಂತೆ,
ಒಂದು ನಾಯಿ ಇದೆಯಂತೆ, ಕಿವಿ ಹರಿದದ್ದು.
"ನಾಯಿ ನಿಜ ಇರಬಹುದು ಅಲ್ವಾ?" ಅಂತ ಕೇಳಿದಳು.
ಇರಬಹುದು, ಅಂದೆ.
ನಾಳೆ ಬೆಳಿಗ್ಗೆ ಠಾಣೆಗೆ ಇಬ್ಬರೂ ಹೋಗೋಣ,
ಮಾತು ನೀನಾಡು, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಮುಷ್ಟಿಯೊಳಗೆ ಅದು ಝುಂಯ್ ಅಂದಿತು. ಮತ್ತೊಮ್ಮೆ.
ಅವಳು ನೋಡಲಿಲ್ಲ.
ಅದನ್ನು ನೆಲದ ಮೇಲೆ ಬೋರಲು ಹಾಕಿ
ತಣ್ಣಗಿದ್ದ ಎರಡು ಪಾದಗಳನ್ನು ನನ್ನ ಮಡಿಲಿಗಿಟ್ಟಳು.

ಕೆಳಗಿನ ಹೆಂಚುಗಳ ಬಿಸಿ ಇಳಿಯುತ್ತ ಬಂತು.
ಏಳೋಣ ಅಂತ ಇಬ್ಬರೂ ಅನ್ನಲಿಲ್ಲ.