ಎಂಜಲಿಲ್ಲದ ದಾರ

ಅಟಕಾಮಾದ ಈ ಊರಲ್ಲಿ ಮಳೆ ಅಂದರೆ ಸುದ್ದಿ, ಅಷ್ಟೇ.
ಗಣಿಯವರ ಹರಿದ ಮೊಣಕಾಲು ಹೊಲಿಯುತ್ತ
ಮೂವತ್ತು ವರ್ಷ ದಾರದ ತುದಿಯನ್ನು
ನಾಲಿಗೆಗೆ ತಾಗಿಸಿದವಳು ನಾನು, ಎದುವಿನಾ.
ಈಗ ಬಾಯಿ ಒಣ ಚಿಂದಿ.
ದಾರಕ್ಕೂ ಲೋಟದಿಂದಲೇ ನೀರಿನ ಸಾಲ.

ರಾತ್ರಿ ಹೀಟರಿನ ಮೇಲೆ ಒದ್ದೆ ಟವೆಲು.
ಬೆಳಿಗ್ಗೆ ರೆಪ್ಪೆಯ ಮೇಲೆ ಬಿಸಿ ಬಟ್ಟೆ,
ರೇಡಿಯೋ ತಾಮ್ರದ ಬೆಲೆ ಹೇಳಿ ಮುಗಿಸುವವರೆಗೆ.
ಬ್ರೆಡ್ಡಿಗೆ ಸಾರು, ಮಾತಿಗೊಂದು ಗುಟುಕು,
ದವಡೆಯಲ್ಲಿ ಸಕ್ಕರೆಯಿಲ್ಲದ ಗಮ್ಮು;
ಮೇಕೆ ಥರ ಅಗಿಯುತ್ತೀ ಅನ್ನುತ್ತಾನೆ ಮೊಮ್ಮಗ.
ಮಿಟುಕಿಸಲು ಮರೆಯಬೇಡ ಎಂದಿದ್ದಳು ಡಾಕ್ಟರು.
ನಲವತ್ತು ಹೊಲಿಗೆಗೊಮ್ಮೆ ಕಣ್ಣು ಮುಚ್ಚುತ್ತೇನೆ.

ಅಕ್ಕ ರೊಸೌರಾಳ ಮಣ್ಣಿಗೆ ಹೋದಾಗ
ಒಂದು ಹನಿ ಬರಲಿಲ್ಲ.
ಮರಳು ಹೊಕ್ಕ ಹಾಗೆ ಉರಿ, ಬರೀ ಉರಿ.
ಕಲ್ಲು, ಎಂದರು ಅವಳ ಸೊಸೆಯರು.
ಇರಬಹುದು.

ನಿನ್ನೆ ಬಸ್ಸಿನಲ್ಲಿ
ತಲೆಯೆತ್ತಿ ಎರಡು ಹನಿ ಔಷಧ ಬಿಟ್ಟುಕೊಂಡೆ,
ಒಂದು ಕೆನ್ನೆಗೆ ಜಾರಿತು.
ಪಕ್ಕದಲ್ಲಿದ್ದ ಗಣಿ ಹುಡುಗ ಏನೂ ಕೇಳದೆ
ಮಡಿಸಿದ ಕರವಸ್ತ್ರ ಚಾಚಿದ.
ಔಷಧ ಕಣಪ್ಪಾ, ಅನ್ನಬೇಕಿತ್ತು.
ಅನ್ನಲಿಲ್ಲ. ಒರೆಸಿಕೊಂಡೆ,
ಎರಡು ವರ್ಷ ತಡವಾಗಿ.

ಅದರ ಅಂಚು ಬಿಚ್ಚಿತ್ತು.
ಹೊಲಿದು ಕೊಡುತ್ತೇನೆ, ಎಂದೆ.